ಮಗಳಿಗೆ ಇಂಪ್ಲಾಂಟ್ ಆಗಿದೆ, ಸನ್ನೆ ಮಾಡಬೇಡಿ ಅನ್ನುತ್ತಾರೆ. ಕಿವುಡರೇ, ನೀವು ಏನು ಹೇಳುತ್ತೀರಿ?

ಶಿರಸಿ ಆಯಿ

ಮಗಳಿಗೆ ಈಗ ಮೂರು ವರ್ಷ ಎಂಟು ತಿಂಗಳು. ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ನಮಗೆ ಗೊತ್ತಾಗಿದ್ದು ಒಂದೂವರೆ ವರ್ಷ ಆದ ಮೇಲೆ. ದೀಪಾವಳಿ ದಿನ ಅಂಗಳದಲ್ಲೇ ಪಟಾಕಿ ಹೊಡೆದರು. ಪಕ್ಕದ ಮನೆ ಕೂಸು ಬೆಚ್ಚಿಬಿದ್ದು ಅತ್ತಿತು, ಇವಳು ನನ್ನ ತೊಡೆ ಮೇಲೆ ಹಾಯಾಗಿ ನಿದ್ದೆ. ಆಮೇಲೆ ಕಿವಿ ಕೇಳುತ್ತದಾ ಅಂತ ನೋಡುವ ಬೆರಾ ಪರೀಕ್ಷೆ, ಊರೂರು ಓಡಾಟ, ಆರು ತಿಂಗಳು ಹಿಯರಿಂಗ್ ಏಡ್. ಹತ್ತು ತಿಂಗಳ ಹಿಂದೆ ಸರ್ಕಾರಿ ಯೋಜನೆಯಲ್ಲಿ ಬಲಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಆಯಿತು, ಅಂದರೆ ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಯಂತ್ರ. ಈಗ ಹೆಸರು ಕರೆದರೆ ತಿರುಗುತ್ತಾಳೆ. ಆರೇಳು ಮಾತು ಬರುತ್ತದೆ.

ವಾರಕ್ಕೆ ಎರಡು ದಿನ ಥೆರಪಿಗೆ ಹೋಗುತ್ತೇವೆ. ಅಲ್ಲಿಯವರು ಮೊದಲ ದಿನವೇ ಹೇಳಿದ್ದರು, ಮನೆಯಲ್ಲಿ ಕೈಸನ್ನೆ ಪೂರ್ತಿ ಬಂದ್ ಮಾಡಿ, ಕೈಯಲ್ಲಿ ಕೆಲಸ ಆದರೆ ಮಗು ಬಾಯಿ ಬಿಡುವುದಿಲ್ಲ ಅಂತ. ನಾವು ಪಾಲಿಸಿದೆವು. ಅತ್ತೆಗೂ ಹೇಳಿದ್ದೆ.

ಈ ಜುಲೈಯಲ್ಲಿ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಇಂಪ್ಲಾಂಟಿಗೆ ಹೊರಗಿನಿಂದ ಹಾಕುವ ಪ್ರೊಸೆಸರಿನ ಬ್ಯಾಟರಿ ಮೊದಲ ದಿನ ಸಂಜೆಯೇ ಮುಗಿಯಿತು. ಸೆಲ್ ಹಾಕುವ ಡಬ್ಬಿ ಇತ್ತು, ಸೆಲ್ ಖಾಲಿ. ಮಗು ಪದೇ ಪದೇ ತಲೆ ಮೇಲಿನ ಬಿಲ್ಲೆ ಮುಟ್ಟಿಕೊಂಡು ನನ್ನ ಬಾಯಿ ಮೇಲೆ ಕೈ ಇಡುತ್ತಿತ್ತು. ಎರಡನೇ ದಿನ ಅತ್ತೆ ಯಾರ ಮಾತೂ ಕೇಳದೆ ಅವಳನ್ನು ಜಗುಲಿಯಲ್ಲಿ ಕೂರಿಸಿಕೊಂಡು ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಪೂರ್ತಿ ಕೈಯಲ್ಲಿ ಹೇಳಿದರು. ಸಗಣಿ ಮನೆ, ಕಲ್ಲು ಮನೆ, ಮಳೆ, ಬಾಗಿಲು ಬಡಿಯುವುದು. ಸಂಜೆ ಇವಳು ಆ ಕಥೆಯನ್ನು ನನಗೆ ವಾಪಸ್ ಹೇಳಿದಳು. ಕೈಯಲ್ಲೇ. ಕಾಗೆ ಒದ್ದೆಯಾಗಿ ನಡುಗುವುದನ್ನೂ ಬಿಡಲಿಲ್ಲ. ಅವಳು ನನಗೆ ಒಂದು ಕಥೆ ಹೇಳಿದ್ದು ಅದೇ ಮೊದಲು.

ಈಗ ನನಗೆ ಹೆದರಿಕೆ. ಹತ್ತು ತಿಂಗಳ ಕಷ್ಟವನ್ನು ಮೂರು ದಿನದಲ್ಲಿ ಹಾಳು ಮಾಡಿದೆವಾ? ಅಥವಾ ಹತ್ತು ತಿಂಗಳು ಮಾಡಿದ್ದೇ ತಪ್ಪಾ? ಡಾಕ್ಟರುಗಳನ್ನು ಕೇಳಿ ಆಗಿದೆ. ಕಿವುಡರಾಗಿಯೇ ಬೆಳೆದವರನ್ನು ಕೇಳಬೇಕು ಅನಿಸಿತು. ನನಗೆ ಅಂಥವರು ಒಬ್ಬರೂ ಪರಿಚಯ ಇಲ್ಲ.

ಕಿವಿಯಂತ್ರ 62

ಮೊದಲು ಬ್ಯಾಟರಿ ವಿಷಯ ಮುಗಿಸೋಣ ತಂಗಿ, ಉಳಿದದ್ದು ಆಮೇಲೆ. ನಿಮ್ಮ ಡಬ್ಬಿಗೆ ಬಹುಶಃ 675 ನಂಬರ್ ಸೆಲ್, ನೀಲಿ ಸ್ಟಿಕ್ಕರ್. ಇಂಪ್ಲಾಂಟಿಗೆ ಅಂತಲೇ ಬೇರೆ ಬರುತ್ತದೆ, ಅದನ್ನೇ ಕೇಳಿ. ಇವು ಗಾಳಿ ತಾಗಿದರೆ ಕೆಲಸ ಶುರು ಮಾಡುವ ಸೆಲ್. ಸ್ಟಿಕ್ಕರ್ ಕಿತ್ತ ಮೇಲೆ ವಾಪಸ್ ಅಂಟಿಸಿದರೆ ಉಳಿಯುವುದಿಲ್ಲ, ನಾನು ಎರಡು ವರ್ಷ ಅದೇ ಮಾಡುತ್ತಿದ್ದೆ. ಕಿತ್ತು ಒಂದು ನಿಮಿಷ ಬಿಟ್ಟು ಹಾಕಿ. ಮಳೆಗಾಲಕ್ಕೆ ಮುಂಚೆ ನಾಲ್ಕು ಪ್ಯಾಕೆಟ್ ತಂದಿಡಿ. ರಾತ್ರಿ ಪ್ರೊಸೆಸರನ್ನು ಸಿಲಿಕಾ ಜೆಲ್ ಡಬ್ಬಿಯಲ್ಲಿ ಹಾಕಿಡಿ. ಮಲೆನಾಡಿನ ಥಂಡಿ ಈ ಯಂತ್ರಗಳಿಗೆ ವಿಷ.

ಇನ್ನು ಸನ್ನೆ. ನಾನು ಕಿವುಡ ಅಲ್ಲ, ಐವತ್ತೈದಕ್ಕೆ ಕಿವಿ ಮಂದ ಆದವನು. ನನಗೆ ಅದರ ಬಗ್ಗೆ ಗೊತ್ತಿಲ್ಲ.

ಬೊಮ್ಮಸಂದ್ರ ಶಿಫ್ಟ್

ನಾನು ಹುಟ್ಟು ಕಿವುಡ. ವಯಸ್ಸು 34. ಮಾತು ಬರುತ್ತದೆ, ತುಟಿ ಓದುತ್ತೇನೆ. ಥೆರಪಿಯವರ ಲೆಕ್ಕದಲ್ಲಿ ನಾನು ಪಾಸಾದ ಹುಡುಗ. ಹಾಗಾಗಿ ಪಾಸಾಗುವುದು ಅಂದರೇನು ಅಂತ ಹೇಳುತ್ತೇನೆ, ಅಕ್ಕ.

ಕನ್ನಡದಲ್ಲಿ ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ. ಕನ್ನಡಿ ಮುಂದೆ ನಿಂತು ದನಿ ಇಲ್ಲದೆ ಹೇಳಿ ನೋಡಿ. ಮಳೆ, ಬಳೆ. ಅಪ್ಪ, ಅಮ್ಮ. ಏನಾದರೂ ವ್ಯತ್ಯಾಸ ಕಂಡಿತಾ? ನನಗೆ ಐದು ವರ್ಷದವರೆಗೆ ಅಪ್ಪ ಅಮ್ಮ ಇಬ್ಬರಿಗೂ ಒಂದೇ ಹೆಸರು ಅಂತಲೇ ಇತ್ತು. (ನಿಮ್ಮ ಕಡೆ ಅಮ್ಮನಿಗೆ ಆಯಿ ಅನ್ನುತ್ತೀರಲ್ಲ, ಪುಣ್ಯ ಮಾಡಿದ್ದೀರಿ.) ಕ, ಗ, ಹ ಗಂಟಲಲ್ಲೇ ಆಗಿ ಹೋಗುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ಅರ್ಧ ಕಾಣುತ್ತದೆ, ಇನ್ನರ್ಧ ಊಹೆ. ಎದುರಿನವರಿಗೆ ದಪ್ಪ ಮೀಸೆ ಇದ್ದರೆ, ಬಾಯಲ್ಲಿ ಎಲೆ ಅಡಿಕೆ ಇದ್ದರೆ ಪೂರ್ತಿ ಊಹೆ. ಕೊರೋನಾದಲ್ಲಿ ಎಲ್ಲರೂ ಮಾಸ್ಕ್ ಹಾಕಿದಾಗ ನಾನು ಎರಡು ವರ್ಷ ನಿಜವಾಗಿ ಕಿವುಡನಾದೆ.

ನಮ್ಮ ಶಾಲೆಯಲ್ಲಿ ಕೈ ಎತ್ತಿದರೆ ಸ್ಕೇಲಿನ ಏಟು. ಬೆರಳ ಗೆಣ್ಣಿನ ಮೇಲೆ, ಸ್ಕೇಲಿನ ಅಂಚಲ್ಲಿ. ಹತ್ತು ವರ್ಷ "ಪ" ಹೇಳಲು ಕಲಿತೆ. ಆ ಹತ್ತು ವರ್ಷದಲ್ಲಿ ನನ್ನ ಅಣ್ಣ ವಿಜ್ಞಾನ, ಸಮಾಜ, ಕ್ರಿಕೆಟ್ಟು, ಬೈಗುಳ ಎಲ್ಲ ಕಲಿತ. ಸನ್ನೆ ಭಾಷೆ ನಾನು ಕಲಿತದ್ದು 19ನೇ ವಯಸ್ಸಿಗೆ, ಡಿಪ್ಲೊಮಾ ಮಾಡುವಾಗ, ಹಾಸ್ಟೆಲಿನ ಗೆಳೆಯರಿಂದ. ಜೀವನದಲ್ಲಿ ಮೊದಲ ಸಲ ಒಂದು ಜೋಕಿಗೆ ಉಳಿದವರ ಜೊತೆಗೇ ನಕ್ಕೆ. ಅಲ್ಲಿಯವರೆಗೆ ಎಲ್ಲರೂ ನಕ್ಕ ಮೇಲೆ ನೋಡಿಕೊಂಡು ನಗುತ್ತಿದ್ದೆ.

ನಿಮ್ಮ ಅತ್ತೆಗೆ ನನ್ನ ಕಡೆಯಿಂದ ನಮಸ್ಕಾರ ಹೇಳಿ.

ಸುಮ್ನೆ ಓದುಗ

ತಪ್ಪು ತಿಳಿಯಬೇಡಿ. ಲಕ್ಷಾಂತರ ರೂಪಾಯಿಯ ಆಪರೇಷನ್ ಆದ ಮೇಲೂ ಸನ್ನೆ ಯಾಕೆ? ಕನ್ನಡಕ ಹಾಕಿಕೊಂಡವರಿಗೆ ಯಾರಾದರೂ ಬ್ರೈಲ್ ಕಲಿಸುತ್ತಾರಾ? ಮತ್ತೆ, ಶೀರ್ಷಿಕೆಯಲ್ಲಿ "ಕಿವುಡರೇ" ಅಂತ ಬರೆದಿರುವುದು ಸರಿ ಅನಿಸಲಿಲ್ಲ. ಶ್ರವಣದೋಷವುಳ್ಳವರು ಅನ್ನಬಹುದಲ್ವಾ?

ಬೊಮ್ಮಸಂದ್ರ ಶಿಫ್ಟ್

ಶ್ರವಣದೋಷ ಅಂದರೆ ನನಗೆ ಜಾತಕ ನೆನಪಾಗುತ್ತದೆ. ಕುಜದೋಷ, ನಾಗದೋಷ, ಶ್ರವಣದೋಷ. ಯಾವ ದೇವಸ್ಥಾನಕ್ಕೆ ಹೋಗಿ ಶಾಂತಿ ಮಾಡಿಸಲಿ ಸಾರ್? ಅಂಗವಿಕಲರ ಗುರುತಿನ ಚೀಟಿಗೆ (ಯುಡಿಐಡಿ ಕಾರ್ಡು) ಯಾವ ಪದ ಬೇಕೋ ಅದು ಇರಲಿ. ನಾನು ಕಿವುಡ. ಬೈಯುವುದಕ್ಕೆ ಹೇಳಿದರೆ ಬೈಗುಳ, ಊರ ಹೆಸರಿನ ಹಾಗೆ ಹೇಳಿದರೆ ಊರ ಹೆಸರು. "ಮೂಗ" ಅಂದರೆ ಮಾತ್ರ ಜಗಳ ಆಡುತ್ತೇನೆ. ನನಗೆ ಮಾತಿದೆ, ಎರಡು ಭಾಷೆಯಲ್ಲಿ.

ಎರಡನೇ ಸೆಮಿಸ್ಟರ್

ಕನ್ನಡಕದ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ನನಗೆ ಎರಡೂವರೆ ವರ್ಷಕ್ಕೆ ಇಂಪ್ಲಾಂಟ್ ಆಯಿತು, ಈಗ ಎಂಜಿನಿಯರಿಂಗ್ ಓದುತ್ತಿದ್ದೇನೆ. ಫೋನಲ್ಲಿ ಮಾತಾಡುತ್ತೇನೆ, ಹಾಡು ಕೇಳುತ್ತೇನೆ. ಸನ್ನೆ ಭಾಷೆ ನನಗೆ ಬರುವುದಿಲ್ಲ. ಹಾಗಾಗಿ ಇಂಪ್ಲಾಂಟಿನ ವಿರೋಧಿ ಅಂತ ನನ್ನನ್ನು ಯಾರೂ ಅನ್ನುವ ಹಾಗಿಲ್ಲ.

ಕನ್ನಡಕ ಹಾಕಿದ ತಕ್ಷಣ ಕಾಣುತ್ತದೆ. ಇಂಪ್ಲಾಂಟ್ ಹಾಗಲ್ಲ. ಒಳಕಿವಿಯಲ್ಲಿ ಸಾವಿರಾರು ಕೂದಲು ಕೋಶಗಳು ಮಾಡುವ ಕೆಲಸವನ್ನು 12 ರಿಂದ 22 ಎಲೆಕ್ಟ್ರೋಡುಗಳು ಮಾಡಬೇಕು. ಮೆದುಳು ಆ ಸದ್ದನ್ನು ಮಾತು ಅಂತ ಗುರುತು ಹಿಡಿಯಲು ವರ್ಷಗಟ್ಟಲೆ ಬೇಕು. ನನ್ನಮ್ಮ ಕೆಲಸ ಬಿಟ್ಟು ಆರು ವರ್ಷ ನನ್ನ ಜೊತೆ ಕೂತರು. ಕುಕ್ಕರ್ ಕೂಗಿದರೆ ಓಡಿ ಬಂದು "ಕೇಳಿಸಿತಾ, ಏನದು?" ಕಾಗೆ ಕೂಗಿದರೆ "ಏನದು?" ನನ್ನ ಬಾಲ್ಯ ಪೂರ್ತಿ ಒಂದು ಪರೀಕ್ಷೆ.

ಫಲ ಸಿಕ್ಕಿತು, ಇಲ್ಲ ಅನ್ನುವುದಿಲ್ಲ. ಆದರೆ ಸ್ನಾನ ಮಾಡುವಾಗ ಪ್ರೊಸೆಸರ್ ತೆಗೆಯಬೇಕು. ಮಲಗುವಾಗ ತೆಗೆಯಬೇಕು. ಕ್ಯಾಂಟೀನ್ ಗದ್ದಲದಲ್ಲಿ ಇದ್ದೂ ಇಲ್ಲದ ಹಾಗೆ. ಹೋದ ವರ್ಷ ನನ್ನ ಪ್ರೊಸೆಸರ್ ಕೆಟ್ಟಿತು. ಈ ಮಾಡೆಲಿಗೆ ಬಿಡಿಭಾಗ ಬರುವುದಿಲ್ಲ, ಹೊಸದು ತೆಗೆದುಕೊಳ್ಳಿ ಅಂದರು. ಆ ದುಡ್ಡಿಗೆ ಒಂದು ಕಾರು ಬರುತ್ತದೆ. ದುಡ್ಡು ಹೊಂದಿಸಲು ಏಳು ವಾರ ಹಿಡಿಯಿತು. ಏಳು ವಾರ ಹಾಸ್ಟೆಲಿನಲ್ಲಿ ನಾನು ಬೀಗ ಹಾಕಿದ ಕೋಣೆ. ನನ್ನ ಹತ್ತಿರ ಬೇರೆ ಯಾವ ದಾರಿಯೂ ಇರಲಿಲ್ಲ, ಯಾಕೆಂದರೆ ಬೇರೆ ದಾರಿಯನ್ನು ನನಗೆ ಬೇಕಂತಲೇ ತೋರಿಸಿರಲಿಲ್ಲ.

ಅಮ್ಮನ ಮೇಲೆ ಸಿಟ್ಟಿಲ್ಲ. ಅವರಿಗೂ ಯಾರೋ ಹೇಳಿದ್ದು.

ನಿವೃತ್ತ ಮೇಷ್ಟ್ರು

ಆ "ಯಾರೋ" ನಾನೇ ಅಂತ ಇಟ್ಟುಕೊಳ್ಳಿ. 31 ವರ್ಷ ಕಿವುಡು ಮಕ್ಕಳಿಗೆ ಪಾಠ ಮಾಡಿದವನು.

ನಮಗೆ ತರಬೇತಿಯಲ್ಲಿ ಹೇಳಿಕೊಟ್ಟದ್ದು ಬಾಯಿಮಾತಿನ ಪದ್ಧತಿ. ಅದರ ಬೇರು ದೂರದ್ದು. 1880 ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಕರ ದೊಡ್ಡ ಸಭೆ ಸೇರಿ, ಸನ್ನೆ ಬೇಡ, ಬಾಯಿಮಾತೇ ಶ್ರೇಷ್ಠ ಅಂತ ಠರಾವು ಮಾಡಿತು. ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರೇ ಸೇರಿದ್ದ ಸಭೆ. ಅದರ ಗಾಳಿ ಅರ್ಧ ಪ್ರಪಂಚಕ್ಕೆ ಬೀಸಿತು. ಮೈಸೂರಿನಲ್ಲಿ 1901 ರಲ್ಲೇ ಕಿವುಡ ಮತ್ತು ಕುರುಡ ಮಕ್ಕಳಿಗೆ ಶಾಲೆ ಶುರುವಾಗಿತ್ತು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದದ್ದೇ. ಆದರೆ ನಾನು ಕೆಲಸಕ್ಕೆ ಸೇರಿದಾಗಲೂ ಕೈ ಆಡಿಸಿದ ಮಗುವಿಗೆ ಶಿಕ್ಷೆ ಇತ್ತು. ನಾನೂ ಕೈ ಕಟ್ಟಿ ಕೂರಿಸಿದ್ದೇನೆ.

ನಾವು ಮಾಡಿದ್ದು ಪೂರ್ತಿ ವ್ಯರ್ಥ ಅಂತ ಒಪ್ಪುವುದಿಲ್ಲ. "ಪ" ಕಲಿಸಲು ಮಗುವಿನ ಬಾಯಿ ಮುಂದೆ ತೆಳು ಕಾಗದದ ಚೂರು ಹಿಡಿಯುತ್ತಿದ್ದೆ, ಉಸಿರಿಗೆ ಅದು ಹಾರಬೇಕು. "ಬ" ಗೆ ಗಂಟಲ ಮೇಲೆ ಕೈ, ನಡುಕ ತಿಳಿಯಲಿ ಅಂತ. "ಮ" ಗೆ ಮೂಗಿನ ಮೇಲೆ ಬೆರಳು. ಆರು ತಿಂಗಳ ಮೇಲೆ ಒಂದು ಮಗು "ಅಮ್ಮ" ಅಂದಾಗ ಆ ತಾಯಿ ನನ್ನ ಕಾಲಿಗೆ ಬಿದ್ದಿದ್ದಳು. ಅದು ಸುಳ್ಳಾಗಲು ಹೇಗೆ ಸಾಧ್ಯ?

ಆದರೆ ಇನ್ನೊಂದೂ ಸುಳ್ಳಲ್ಲ. ದಶಕದಿಂದ ಸಾಲ ತೆಗೆದು ಕಳೆಯುವ ಲೆಕ್ಕವನ್ನು ಒಂದು ವಾರ ಬೋರ್ಡಿನ ಮೇಲೆ ಒದ್ದಾಡಿ ಹೇಳಿಕೊಟ್ಟೆ, ಒಂದು ಮಗುವಿಗೂ ಹತ್ತಲಿಲ್ಲ. ರಾತ್ರಿ ಹಾಸ್ಟೆಲ್ ಸುತ್ತಲು ಹೋದರೆ ವರಾಂಡದ ಬಲ್ಬಿನ ಕೆಳಗೆ ಏಳನೇ ಕ್ಲಾಸಿನ ಹುಡುಗ ಅದೇ ಲೆಕ್ಕವನ್ನು ಕೈಯಲ್ಲಿ ಹೇಳಿಕೊಡುತ್ತಿದ್ದಾನೆ. ಪಕ್ಕದ ಮನೆಯಿಂದ ಒಂದು ಕಟ್ಟು ಸೌದೆ ತಂದ, ಕಟ್ಟು ಬಿಚ್ಚಿದ, ಹತ್ತು ಕಡ್ಡಿ. ಸುತ್ತ ಕೂತವರೆಲ್ಲ ತಲೆ ಆಡಿಸುತ್ತಿದ್ದಾರೆ. ನನ್ನನ್ನು ಕಂಡ ತಕ್ಷಣ ಎಲ್ಲರ ಕೈಗಳೂ ಹೊದಿಕೆ ಒಳಗೆ. ಮಕ್ಕಳು ನನ್ನನ್ನು ಕಂಡು ಹಾಗೆ ಹೆದರಿದ್ದು ಇವತ್ತಿಗೂ ಚುಚ್ಚುತ್ತದೆ.

ತಾಯಿ, ನಿಮ್ಮ ಥೆರಪಿಯವರು ಕೆಟ್ಟವರಲ್ಲ. ಕೇಳುವ ಅಭ್ಯಾಸ ತಪ್ಪಬಾರದು ಅನ್ನುವುದು ಅವರ ಕಾಳಜಿ. ಥೆರಪಿ ಬಿಡಬೇಡಿ. ಕೈಯನ್ನೂ ಕಟ್ಟಬೇಡಿ.

ಬೊಮ್ಮಸಂದ್ರ ಶಿಫ್ಟ್

ಮೇಷ್ಟ್ರೇ, ನಿಮ್ಮ ಬರಹ ಎರಡು ಸಲ ಓದಿದೆ. ನನಗೆ ಹೊಡೆದವರು ಯಾರೂ ಇಷ್ಟು ಹೇಳಿಲ್ಲ. ಇನ್ನು ಹೆಚ್ಚು ಬರೆಯಲು ಈಗ ಆಗುವುದಿಲ್ಲ.

ದಾವಣಗೆರೆ ಮಗಳು

ನನಗೆ ಕಿವಿ ಕೇಳುತ್ತದೆ. ಅಪ್ಪ ಅಮ್ಮ ಇಬ್ಬರೂ ಕಿವುಡರು. ನನ್ನ ಮೊದಲ ಭಾಷೆ ಸನ್ನೆ, ಎರಡನೆಯದು ಅಜ್ಜಿಯಿಂದ ಬಂದ ಕನ್ನಡ. ಸನ್ನೆಯಿಂದ ಮಾತು ತಡ ಆಗುತ್ತದೆ ಅನ್ನುವವರಿಗೆ ಹೇಳುತ್ತೇನೆ, ನಾನು ಈಗ ಎಷ್ಟು ಮಾತಾಡುತ್ತೇನೆ ಅಂದರೆ ಗಂಡ ಕಿವಿ ಮುಚ್ಚಿಕೊಳ್ಳುತ್ತಾನೆ.

ಆದರೆ ಇಲ್ಲಿ ಯಾರೂ ಹೇಳದ ಒಂದು ಮಾತು ಇದೆ. ಸನ್ನೆ ಬರುವವರು ಮನೆಯಲ್ಲಿ ಒಬ್ಬರೇ ಇದ್ದರೆ ಭಾರ ಎಲ್ಲ ಅವರ ಮೇಲೆ. ನಾನು ಎಂಟನೇ ವಯಸ್ಸಿನಿಂದ ಬ್ಯಾಂಕಿಗೆ, ರೇಷನ್ ಅಂಗಡಿಗೆ, ಪೊಲೀಸ್ ಸ್ಟೇಷನ್ನಿಗೆ ಅಪ್ಪನ ಬಾಯಿ. ಸಾಲ ಕೊಡುವುದಿಲ್ಲ ಅಂತ ಮ್ಯಾನೇಜರ್ ನನ್ನ ಮುಖ ನೋಡಿ ಹೇಳುತ್ತಿದ್ದ, ಅಪ್ಪನ ಮುಖ ನೋಡುತ್ತಿರಲಿಲ್ಲ. ಹನ್ನೆರಡು ವರ್ಷಕ್ಕೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮ "ಗರ್ಭಕೋಶ ತೆಗೆಯಬೇಕು ಅಂತ ನಿಮ್ಮಮ್ಮನಿಗೆ ಹೇಳಮ್ಮ" ಅಂದರು. ಗರ್ಭಕೋಶಕ್ಕೆ ಸನ್ನೆ ನನಗೆ ಗೊತ್ತಿರಲಿಲ್ಲ. ಮಗು, ಮನೆ, ತೆಗೆ, ಅಂತ ಮಾಡಿದೆ. ಅಮ್ಮ ನನ್ನನ್ನೇ ಮನೆ ಬಿಟ್ಟು ಕಳಿಸಲು ಹೇಳುತ್ತಿದ್ದಾರೆ ಅಂದುಕೊಂಡು ನನ್ನನ್ನು ತಬ್ಬಿಕೊಂಡು ಕೂತುಬಿಟ್ಟಳು.

ಅದಕ್ಕೆ ಹೇಳುವುದು, ನೀವೊಬ್ಬರೇ ಕಲಿಯಬೇಡಿ. ಗಂಡ, ಅತ್ತೆ, ಮೈದುನ, ಪಕ್ಕದ ಮನೆ ಮಕ್ಕಳು, ಎಲ್ಲರಿಗೂ ಸ್ವಲ್ಪ ಸ್ವಲ್ಪ ಬರಲಿ.

ಗೌರಿಬಿದನೂರು ಕಡೆಯವ

ಎಲ್ಲರಿಗೂ ಬಂದರೆ ಹೇಗಿರುತ್ತದೆ ಅಂತ ನೋಡಬೇಕಾದರೆ ನಮ್ಮ ತಾಲ್ಲೂಕಿನ ಅಲೀಪುರಕ್ಕೆ ಬನ್ನಿ. ಮನೆಮಾತು ಉರ್ದು ಇರುವ ಊರು, ಸಂಬಂಧದಲ್ಲೇ ಮದುವೆ ಜಾಸ್ತಿ. ತಲೆಮಾರುಗಳಿಂದ ಕಿವುಡರ ಸಂಖ್ಯೆಯೂ ಜಾಸ್ತಿ. ಭಾಷಾ ವಿಜ್ಞಾನಿಗಳು ಬಂದು ಅಧ್ಯಯನ ಮಾಡುವಾಗ ಸುಮಾರು 10,000 ಜನರಲ್ಲಿ 150 ರಷ್ಟು ಕಿವುಡರು ಅಂತ ಬರೆದರು. ಅಲ್ಲಿ ಊರಿಗೇ ಒಂದು ಸನ್ನೆ ಭಾಷೆ ಹುಟ್ಟಿದೆ, ಅಲೀಪುರ ಸನ್ನೆ ಭಾಷೆ ಅಂತಲೇ ಹೆಸರು. ಯಾವ ಶಾಲೆಯೂ ಕಲಿಸಿದ್ದಲ್ಲ.

ನನ್ನ ಕೆಲಸದ ಮೇಲೆ ಹೋಗಿದ್ದಾಗ ಟೀ ಅಂಗಡಿಯಲ್ಲಿ ಕೂತಿದ್ದೆ. ಅಂಗಡಿಯವನಿಗೆ ಕಿವಿ ಕೇಳುತ್ತದೆ, ಗಿರಾಕಿಗೆ ಇಲ್ಲ. ಇಬ್ಬರೂ ಹಣದ ವಿಷಯಕ್ಕೆ ಕೈಯಲ್ಲೇ ಜೋರು ಜಗಳ ಆಡುತ್ತಿದ್ದರು. ಪಕ್ಕದಲ್ಲಿ ಕೂತವರು ಪೇಪರ್ ಓದುತ್ತಿದ್ದರು, ಯಾರೂ ತಲೆ ಎತ್ತಿ ನೋಡಲಿಲ್ಲ. ಬೆರಗಾಗಿ ನೋಡುತ್ತಿದ್ದವನು ನಾನೊಬ್ಬನೇ.

ಕಿವಿಯಂತ್ರ 62

ಸಾಲದ ಜಗಳವನ್ನೂ ಮರ್ಯಾದೆಯಿಂದ ಸಮಾನವಾಗಿ ಆಡುವ ಊರು ಅನ್ನಿ! ನಮ್ಮ ಮನೆಯಲ್ಲಿ ನನ್ನ ಜೊತೆ ಯಾರೂ ಜಗಳವನ್ನೇ ಆಡುವುದಿಲ್ಲ ಈಗ. ಅಷ್ಟು ಜೋರಾಗಿ ಕೂಗುವವರು ಯಾರು ಅಂತ ಬಿಟ್ಟುಬಿಡುತ್ತಾರೆ.

ರಾಣೆಬೆನ್ನೂರು ಟೇಲರ್

ನಾನು ಕಿವುಡ. ನನ್ನ ಕನ್ನಡ ತಪ್ಪು ಇದೆ. ತಿದ್ದು ಬೇಡ.

ಶಾಲೆ ಕನ್ನಡ ಕಲಿ ಕಷ್ಟ. ಗೆ, ಇಂದ, ಅಲ್ಲಿ, ಯಾವುದು ಎಲ್ಲಿ ಹಾಕು ಗೊತ್ತಿಲ್ಲ. ಟೀಚರ್ ಬಾಯಿ ನೋಡು, ಕೊನೆ ಅಕ್ಷರ ಕಾಣಲ್ಲ. ಕೇಳುವ ಜನ ನನ್ನ ಮೆಸೇಜ್ ಓದಿ ನಗು. ದಡ್ಡ ಅಂತ. ನಾನು ದಡ್ಡ ಅಲ್ಲ. ಸನ್ನೆಯಲ್ಲಿ ನಾನು ಒಂದು ಗಂಟೆ ಮಾತು, ಎಲ್ಲರು ನೋಡು, ಸಾಕು ಅನ್ನಲ್ಲ.

ಕೆಲಸ ಗಾರ್ಮೆಂಟ್ಸ್ 9 ವರ್ಷ. ಮಷೀನ್ ನಡುಗು ಕೈ ಗೊತ್ತು. ದಾರ ಕಡಿ ಮೊದಲು ಗೊತ್ತು. ಸೂಪರ್‌ವೈಸರ್ ಹಿಂದಿನಿಂದ ಕೂಗು, ನಾನು ತಿರುಗಲ್ಲ, ಸೊಕ್ಕು ಅಂತ ಬೈದ. ಈಗ ಸ್ವಂತ ಅಂಗಡಿ. ಗಿರಾಕಿ ಫೋಟೋ ವಾಟ್ಸಾಪ್ ಹಾಕು, ಬ್ಲೌಸ್ ಕುತ್ತಿಗೆ ಹೇಗೆ ಬೇಕು ಕೈಯಲ್ಲಿ ತೋರಿಸು. ಎಲ್ಲ ಹೆಂಗಸು ಈಗ ಸ್ವಲ್ಪ ಸನ್ನೆ ಬರುತ್ತದೆ.

ಪಾಪು ಸನ್ನೆ ಕಲಿಸು. ಒಳ್ಳೆಯದು.

ದಾವಣಗೆರೆ ಮಗಳು

ಅಣ್ಣ, ನಿಮ್ಮ ಬರಹವನ್ನು ಸನ್ನೆಗೆ ತಿರುಗಿಸಿಕೊಂಡು ಓದಿದೆ. ಒಂದು ತಪ್ಪೂ ಇಲ್ಲ.

ಉಳಿದವರಿಗೆ ಹೇಳಬೇಕು, ಇದು ಅರೆಬರೆ ಕನ್ನಡ ಅಲ್ಲ. ಸನ್ನೆ ಭಾಷೆಗೆ ವಿಭಕ್ತಿ ಪ್ರತ್ಯಯ ಬೇಕಿಲ್ಲ. ಯಾರಿಂದ ಯಾರಿಗೆ ಅನ್ನುವುದನ್ನು ಕೈ ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹೋಯಿತು ಅನ್ನುವುದೇ ಹೇಳುತ್ತದೆ. ಪ್ರಶ್ನೆಯ ಪದ ಕೊನೆಗೆ, ಜೊತೆಗೆ ಹುಬ್ಬು. ಹುಬ್ಬು ಮರೆತರೆ ವ್ಯಾಕರಣ ತಪ್ಪು. ಬೆರಳಿನಲ್ಲಿ ಅಕ್ಷರ ಹೇಳುವುದು ಮಾತ್ರ ಇಂಗ್ಲಿಷ್ ಅಕ್ಷರಮಾಲೆಯದ್ದು, ಎರಡು ಕೈ ಬೇಕು. ಎಡಗೈಯ ಐದು ಬೆರಳ ತುದಿ ಎ, ಇ, ಐ, ಓ, ಯು. ಅಮ್ಮ ನನಗೆ ಅದನ್ನು ಅನ್ನ ಕಲಸುತ್ತಾ ಕಲಿಸಿದ್ದಳು.

ಶಿರಸಿ ಆಯಿ

ಎಲ್ಲವನ್ನೂ ಗಂಡನಿಗೂ ಓದಿ ಹೇಳಿದೆ. ಇವರ ಪ್ರಶ್ನೆ ಒಂದೇ, ಮುಂದೆ ಓದು, ಕೆಲಸ ಹೇಗೆ? ಸನ್ನೆ ಕಲಿತರೆ ಕಿವುಡರ ಜೊತೆಗೇ ಉಳಿದುಬಿಡುತ್ತಾಳಾ ಅನ್ನುವ ಅಳುಕು.

ಬೊಮ್ಮಸಂದ್ರ ಶಿಫ್ಟ್

ಭಾವನ ಪ್ರಶ್ನೆಗೆ ನೇರ ಉತ್ತರ. ಕಿವಿ ಕೇಳುವವರ ನಡುವೆ ಕೆಲಸ ಮಾಡಿ 11 ವರ್ಷ ಆಯಿತು. ಕ್ವಾಲಿಟಿ ವಿಭಾಗ, ಕಣ್ಣಿನ ಕೆಲಸ. ನನಗಿಂತ ಚೆನ್ನಾಗಿ ಗೀರು ಹಿಡಿಯುವವರು ಆ ಲೈನಿನಲ್ಲಿ ಇಲ್ಲ. ನನ್ನ ಕೈಕೆಳಗೆ ಕಲಿತ ಮೂವರು ಈಗ ನನ್ನ ಮೇಲಿನವರು. ಪ್ರೊಮೋಷನ್ ಕೇಳಿದರೆ "ಮೀಟಿಂಗ್ ಇರುತ್ತದೆ, ಫೋನ್ ಇರುತ್ತದೆ, ನಿನಗೆ ಕಷ್ಟ" ಅನ್ನುತ್ತಾರೆ. ನನ್ನ ಕಷ್ಟದ ಬಗ್ಗೆ ಅವರಿಗೆ ಭಾರಿ ಕನಿಕರ.

ಊಟದ ಮೇಜಿನಲ್ಲಿ ಎಂಟು ಜನ. ಎಲ್ಲರೂ ನಗುತ್ತಾರೆ. ಏನು ಅಂತ ಕೇಳುತ್ತೇನೆ. "ಏನಿಲ್ಲ ಬಿಡು." ನಮ್ಮ ಜೀವನದಲ್ಲಿ ಹೆಚ್ಚು ಸಲ ತುಟಿ ಓದಿದ ಮಾತು ಯಾವುದು ಅಂತ ಯಾವ ಕಿವುಡನನ್ನು ಬೇಕಾದರೂ ಕೇಳಿ. ಮನೆಯಲ್ಲಿ, ಮದುವೆಯಲ್ಲಿ, ಸಾವಿನ ಮನೆಯಲ್ಲಿ ಕೂಡ. ಏನಿಲ್ಲ ಬಿಡು. ಆಮೇಲೆ ಹೇಳುತ್ತೇನೆ. ಆ ಆಮೇಲೆ ಬರುವುದೇ ಇಲ್ಲ.

ಭಾನುವಾರ ನಾವು ಕಿವುಡರು ಸೇರುತ್ತೇವೆ. ಅಲ್ಲಿ "ಏನಿಲ್ಲ ಬಿಡು" ಇಲ್ಲ. ತಡವಾಗಿ ಬಂದವನಿಗೆ ಮೊದಲಿನಿಂದ ಹೇಳುತ್ತಾರೆ. ಹೊರಡುತ್ತೇವೆ ಅಂತ ಎದ್ದ ಮೇಲೆ ಒಂದು ಗಂಟೆ ಬೀದಿ ದೀಪದ ಕೆಳಗೆ ಮಾತು. ದೀಪದ ಕೆಳಗೇ, ಯಾಕೆಂದರೆ ಕತ್ತಲಲ್ಲಿ ನಮ್ಮ ಮಾತು ಕೇಳಿಸುವುದಿಲ್ಲ. ಸೋಮವಾರ ಮತ್ತೆ ಆ ಮೇಜಿಗೆ ಹೋಗುವ ಶಕ್ತಿ ನನಗೆ ಅಲ್ಲಿಂದ ಬರುತ್ತದೆ. ಮಗಳು "ಅಲ್ಲೇ ಉಳಿದುಬಿಡುತ್ತಾಳೆ" ಅಂತ ಭಾವ ಹೆದರುವುದು ಬೇಡ. ಹೋಗಲು ಒಂದು ಜಾಗ ಇರಲಿ.

ಎರಡನೇ ಸೆಮಿಸ್ಟರ್

ಓದಿನ ವಿಷಯಕ್ಕೆ ಒಂದಷ್ಟು. 2016 ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸರ್ಕಾರಿ ಕೆಲಸಕ್ಕೆ 4 ಶೇಕಡಾ ಮೀಸಲಾತಿ ಇದೆ, ಅದರಲ್ಲಿ 1 ಶೇಕಡಾ ಕಿವುಡರಿಗೆ ಮತ್ತು ಕಿವಿ ಮಂದ ಇರುವವರಿಗೆ. ಉನ್ನತ ಶಿಕ್ಷಣದ ಸೀಟುಗಳಲ್ಲಿ ಎಲ್ಲ ಅಂಗವಿಕಲರಿಗೂ ಸೇರಿ 5 ಶೇಕಡಾ. ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿಗೂ ಅದರಲ್ಲಿ ಜಾಗ ಇದೆ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಅದನ್ನು ಬಳಸಿಕೊಂಡೆ. ಈಗ ಯೋಚಿಸಿದರೆ ಒಂದು ಭಾಷೆ ಕಡಿಮೆ ಕಲಿತೆ ಅಂತ ಬೇಜಾರೂ ಆಗುತ್ತದೆ. ಕಲಿಸುವ ದಾರಿ ಹುಡುಕುವುದಕ್ಕಿಂತ ಬಿಟ್ಟುಬಿಡು ಅನ್ನುವುದು ಸುಲಭ ನೋಡಿ.

ಬೆಂಗಳೂರಿನಲ್ಲಿ ಕಾನೂನು ಓದಿದ ಕಿವುಡ ವಕೀಲೆ ಸಾರಾ ಸನ್ನಿ 2023 ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸನ್ನೆ ಭಾಷೆಯ ಅನುವಾದಕರ ಜೊತೆ ವಾದಿಸಿದರು, 2024 ರ ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟಿನಲ್ಲೂ. ಆ ವಿಡಿಯೋ ನೋಡಿದ ದಿನ ನಾನು ಸನ್ನೆ ಕಲಿಯಲು ಶುರು ಮಾಡಿದೆ. ಮೇಲೆ "ಬರುವುದಿಲ್ಲ" ಅಂದಿದ್ದು ಪೂರ್ತಿ ನಿಜ ಅಲ್ಲ, ನಾಚಿಕೆ. ದೆಹಲಿಯ ಸನ್ನೆ ಭಾಷಾ ಸಂಶೋಧನಾ ಕೇಂದ್ರದ ನಿಘಂಟು ಯೂಟ್ಯೂಬಿನಲ್ಲಿ ಇದೆ. 2018 ರಲ್ಲಿ 3,000 ಪದ ಇತ್ತು, 2021 ಕ್ಕೆ 10,000 ಆಯಿತು. ದಿನಕ್ಕೆ ಐದು ನೋಡುತ್ತೇನೆ. ಮೂರು ಮರೆಯುತ್ತೇನೆ.

ನಿವೃತ್ತ ಮೇಷ್ಟ್ರು

2021 ರ ಜುಲೈಯಲ್ಲಿ ಭಾರತೀಯ ಸನ್ನೆ ಭಾಷೆಗೆ ಶಾಲೆಯಲ್ಲಿ ಒಂದು ಭಾಷಾ ವಿಷಯದ ಸ್ಥಾನ ಕೊಡುವುದಾಗಿ ಪ್ರಧಾನಿ ಘೋಷಿಸಿದರು. ಕಾಗದದ ಮೇಲೆ ಬಂತು, ಸಂತೋಷ. ಆದರೆ ಕಲಿಸುವವರು ಎಲ್ಲಿ? ನಾನು ನಿವೃತ್ತಿ ಆಗುವಾಗ ನಮ್ಮ ಶಾಲೆಯಲ್ಲಿ ಚೆನ್ನಾಗಿ ಸನ್ನೆ ಬರುತ್ತಿದ್ದದ್ದು ಇಬ್ಬರಿಗೆ. ಒಬ್ಬರು ಅಡುಗೆಯವರು, ಇನ್ನೊಬ್ಬರು ವಾಚ್‌ಮನ್.

ಸುಮ್ನೆ ಓದುಗ

ಕನ್ನಡಕದ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಒಂದು ಅನುಮಾನ, ಈಗ ಮಾತನ್ನು ಅಕ್ಷರ ಮಾಡುವ ಆಪ್‌ಗಳು ಬಂದಿವೆಯಲ್ಲ, ಅವು ಉಪಯೋಗಕ್ಕೆ ಬರುತ್ತವಾ?

ಬೊಮ್ಮಸಂದ್ರ ಶಿಫ್ಟ್

ಬರುತ್ತವೆ. ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ 2019 ರಲ್ಲಿ ಬಂತು, ಕನ್ನಡವೂ ಇದೆ. ಡಾಕ್ಟರ ಹತ್ತಿರ, ಬ್ಯಾಂಕಿನಲ್ಲಿ ಫೋನು ಮುಂದಿಟ್ಟು ಕೂರುತ್ತೇನೆ. ಒಬ್ಬರು ನಿಧಾನವಾಗಿ ಪುಸ್ತಕದ ಕನ್ನಡ ಮಾತಾಡಿದರೆ ಚೆನ್ನಾಗಿ ಬರುತ್ತದೆ. ಹುಬ್ಬಳ್ಳಿಯ ಸಹೋದ್ಯೋಗಿ ಮಾತಾಡಿದರೆ ಫೋನು ಕವಿತೆ ಬರೆಯುತ್ತದೆ. ಮೂರು ಜನ ಒಟ್ಟಿಗೆ ಮಾತಾಡಿದರೆ ಕೈ ಚೆಲ್ಲುತ್ತದೆ.

ನನ್ನನ್ನು ಕೇಳಿದರೆ ನಮಗೆ ನಿಜವಾದ ಕ್ರಾಂತಿ ಆಪ್ ಅಲ್ಲ, 2016. ಆ ಸೆಪ್ಟೆಂಬರಿನಲ್ಲಿ ಜಿಯೋ ಡೇಟಾ ಬಂತು, ನವೆಂಬರಿನಲ್ಲಿ ವಾಟ್ಸಾಪ್ ವಿಡಿಯೋ ಕಾಲ್. ಅದಕ್ಕೆ ಮುಂಚೆ ನಮಗೆ ಗೊತ್ತಿದ್ದದ್ದು ಎಸ್ಸೆಮ್ಮೆಸ್, ಅಂದರೆ ಬೇರೆಯವರ ಭಾಷೆಯಲ್ಲಿ ಮಾತು. ಟೇಲರ್ ಅಣ್ಣನಂಥವರು ಮೊದಲ ಸಲ ದೂರದ ಗೆಳೆಯನ ಜೊತೆ ತಮ್ಮ ಭಾಷೆಯಲ್ಲಿ ಹರಟೆ ಹೊಡೆದರು.

ಇಷ್ಟೆಲ್ಲ ಆದರೂ ಬ್ಯಾಂಕಿನವರು "ಕನ್ಫರ್ಮ್ ಮಾಡಲು ಕಾಲ್ ಮಾಡುತ್ತೇವೆ" ಅನ್ನುತ್ತಾರೆ. ಕಿವುಡ ಅಂತ ಬರೆದುಕೊಟ್ಟ ಫಾರಂ ನೋಡಿಕೊಂಡೇ ಕಾಲ್ ಮಾಡುತ್ತಾರೆ.

ದಾವಣಗೆರೆ ಮಗಳು

ನನ್ನಪ್ಪ ವಿಡಿಯೋ ಕಾಲಿನಲ್ಲಿ ಊಟ ಮಾಡುತ್ತಾ ಮಾತಾಡುತ್ತಾರೆ. ಒಂದು ಕೈ ಅನ್ನದಲ್ಲಿ, ಒಂದು ಕೈ ಮಾತಲ್ಲಿ. ಅಮ್ಮ ಬೈಯುತ್ತಾಳೆ, ಬಾಯಿ ತುಂಬಾ ಅಲ್ಲ, ಕೈ ತುಂಬಾ ಅನ್ನ ಇಟ್ಟುಕೊಂಡು ಮಾತಾಡಬೇಡಿ ಅಂತ.

ಶಿರಸಿ ಆಯಿ

ಎರಡು ವಾರ ಆಯಿತು ಇಲ್ಲಿ ಬರೆದು. ಆದದ್ದು ಹೇಳುತ್ತೇನೆ.

ಥೆರಪಿಗೆ ಹೋಗುವುದು ಬಿಟ್ಟಿಲ್ಲ. ಅವರಿಗೂ ಹೇಳಿದೆ, ಸ್ನಾನದ ಹೊತ್ತು, ಮಲಗುವ ಹೊತ್ತು, ಪ್ರೊಸೆಸರ್ ಇಲ್ಲದ ಹೊತ್ತೆಲ್ಲ ಸನ್ನೆ ಮಾಡುತ್ತೇವೆ ಅಂತ. ಅವರಿಗೆ ಅಷ್ಟು ಸರಿ ಕಾಣಲಿಲ್ಲ. ಆದರೂ "ನೋಡೋಣ, ಬರೆದಿಡಿ" ಅಂದರು. ಬರೆದಿಡುತ್ತಿದ್ದೇನೆ. ಮಾತು ಆರೇಳು ಇದ್ದದ್ದು ಹನ್ನೊಂದು ಆಗಿದೆ. ಕೈಯಲ್ಲಿ ಎಷ್ಟು ಅಂತ ಲೆಕ್ಕ ತಪ್ಪಿತು, ಅರ್ಧ ಅತ್ತೆಯೇ ಕಟ್ಟಿದ್ದು.

ಬಚ್ಚಲಲ್ಲಿ ನೀರು ಬಿಸಿ, ತಣ್ಣಗೆ ಅಂತ ಅವಳೇ ಹೇಳುತ್ತಾಳೆ. ಮೊದಲು ಸ್ನಾನ ಅಂದರೆ ಒದ್ದಾಟ, ಅಳು. ಮಗು ಹಟಮಾರಿ ಅಂದುಕೊಂಡಿದ್ದೆವು. ನೀರು ಬಿಸಿ ಜಾಸ್ತಿ ಆಗುತ್ತಿತ್ತಂತೆ ಅವಳಿಗೆ. ಇಷ್ಟು ದಿನ.

ನಮ್ಮ ಮನೆ ಮೇಲಟ್ಟ ಮರದ್ದು. ಕಾಲಿಂದ ತಟ್ಟಿದರೆ ಪ್ರೊಸೆಸರ್ ಇಲ್ಲದಿದ್ದರೂ ತಿರುಗುತ್ತಾಳೆ. ಯಾರೂ ಹೇಳಿಕೊಟ್ಟದ್ದಲ್ಲ, ಇವರೇ ಕಂಡುಹಿಡಿದರು. ಈಗ ಅಪ್ಪ ಮಗಳದ್ದು ಅದೇ ಆಟ, ಮನೆಯೆಲ್ಲ ಧೂಳು.

ಒಂದು ಕೇಳಬೇಕಿತ್ತು. ಅವಳ ಹೆಸರನ್ನು ಸನ್ನೆಯಲ್ಲಿ ಹೇಗೆ ಹೇಳುವುದು? ಯೂಟ್ಯೂಬಿನಲ್ಲಿ ಹುಡುಕಿದೆ, ಸಿಗಲಿಲ್ಲ.

ಬೊಮ್ಮಸಂದ್ರ ಶಿಫ್ಟ್

ಸಿಗುವುದಿಲ್ಲ ಅಕ್ಕ. ಸನ್ನೆ ಹೆಸರು ನಿಘಂಟಿನಲ್ಲಿ ಇರುವುದಿಲ್ಲ, ಅಪ್ಪ ಅಮ್ಮ ಇಡುವುದೂ ಅಪರೂಪ. ಕಿವುಡರು ಆ ಮನುಷ್ಯನನ್ನು ನೋಡಿ ಇಡುತ್ತಾರೆ. ನಗುವ ರೀತಿ, ಹಣೆಯ ಮಚ್ಚೆ, ಕೂದಲು ಹಿಂದೆ ಹಾಕುವ ಅಭ್ಯಾಸ, ಹೀಗೆ ಏನೋ ಒಂದು. ನನ್ನ ಹೆಸರು ಹುಬ್ಬಿನ ಮೇಲಿನ ಗಾಯದ ಗುರುತು, ಏಳನೇ ವಯಸ್ಸಿಗೆ ಮರದಿಂದ ಬಿದ್ದದ್ದು.

ಮುಂದಿನ ತಿಂಗಳು ಎರಡನೇ ಭಾನುವಾರ ಹುಬ್ಬಳ್ಳಿಯಲ್ಲಿ ಗೆಳೆಯನ ಮಗುವಿನ ನಾಮಕರಣ. ಕಿವುಡರೇ ಐವತ್ತು ಜನ ಸೇರುತ್ತೇವೆ. ಟೇಲರ್ ಅಣ್ಣನೂ ಬರಬಹುದು, ರಾಣೆಬೆನ್ನೂರು ಹತ್ತಿರವೇ. ನಿಮ್ಮ ಊರಿನಿಂದ ಬಸ್ಸಿದೆ. ಅತ್ತೆಯನ್ನೂ ಕರೆದುಕೊಂಡು ಬನ್ನಿ.

ರಾಣೆಬೆನ್ನೂರು ಟೇಲರ್

ನಾನು ಬರು. ಪಾಪು ಫ್ರಾಕ್ ಅಳತೆ ಕಳಿಸು.

ಶಿರಸಿ ಆಯಿ

ಬರುತ್ತೇವೆ. ಅತ್ತೆ ಈಗಲೇ ಸೀರೆ ತೆಗೆದಿಟ್ಟಿದ್ದಾರೆ. ಮಗಳಿಗೆ ಎಡಗೆನ್ನೆ ಮೇಲೆ ಗುಳಿ ಬೀಳುತ್ತದೆ, ಸಿಟ್ಟು ಬಂದಾಗ ಸೊಂಟದ ಮೇಲೆ ಕೈ ಇಟ್ಟು

ಬೊಮ್ಮಸಂದ್ರ ಶಿಫ್ಟ್

ಹೇಳಬೇಡಿ ಅಕ್ಕ. ನಾವು ನೋಡುತ್ತೇವೆ.